ಉತ್ತರ ನಮ್ಮದು, ಪ್ರಶ್ನೆ ಯಾರದು?



ಈ ಸಲದ ಸಂಪಾದಕೀಯವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ತಪ್ಪು ಬೇರೆ ಯಾರದ್ದೂ ಅಲ್ಲ, ನನ್ನದೇ.

ಕೆಲವು ವರ್ಷಗಳ ಹಿಂದೆ ಒಂದು ಸಂಶೋಧನಾ ಸಂಸ್ಥೆಯಿಂದ ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದರು. ಓದಿದವರು, ನಯವಾಗಿ ಮಾತನಾಡುವವರು. ಮನೆಯೊಳಗಿನ ಹೊಡೆತ ಬಡಿತ ಹೆಂಗಸರ ಆರೋಗ್ಯದ ಮೇಲೆ ಏನು ಪರಿಣಾಮ ಮಾಡುತ್ತದೆ ಎಂದು ಅಧ್ಯಯನ ಮಾಡುತ್ತಿದ್ದೇವೆ, ನಿಮಗೆ ಗೊತ್ತಿರುವ ಸಂಘದ ಸದಸ್ಯೆಯರನ್ನು ಭೇಟಿ ಮಾಡಿಸಿ ಎಂದು ಕೇಳಿದರು. ನಾವು ಇಷ್ಟು ವರ್ಷ ಕೂಗಿ ಹೇಳುತ್ತಿದ್ದ ವಿಷಯದ ಕಡೆ ವೈದ್ಯಕೀಯ ಲೋಕ ಈಗಲಾದರೂ ತಿರುಗಿ ನೋಡುತ್ತಿದೆಯಲ್ಲ ಎಂಬ ಸಂತೋಷದಲ್ಲಿ ನಾನು ಹಿಂದೆ ಮುಂದೆ ಯೋಚಿಸಲಿಲ್ಲ. ಒಂದು ಹಳ್ಳಿಯ ಸಂಘಕ್ಕೆ ಅವರನ್ನು ಕರೆದುಕೊಂಡು ಹೋದೆ. "ಕೇಳಿದ್ದಕ್ಕೆಲ್ಲ ಹೇಳಿ, ನಾಳೆ ನಮಗೇ ಉಪಯೋಗ" ಎಂದೆ. ನನ್ನ ಮುಖ ನೋಡಿಕೊಂಡು ಎಲ್ಲರೂ ಸಹಿ ಹಾಕಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಕಾಗದದಲ್ಲಿ ಏನಿದೆ ಎಂದು ಅವರು ಓದಲಿಲ್ಲ. ನಾನೂ ಓದಲಿಲ್ಲ.

ಪ್ರಶ್ನೆ ಕೇಳುವ ಕೆಲಸ ಮನೆಮನೆಯಲ್ಲಿ ನಡೆಯಿತು. ಒಬ್ಬ ಸದಸ್ಯೆಯನ್ನು ಆಕೆಯ ಮನೆಯ ಜಗುಲಿಯ ಮೇಲೆ ಕೂರಿಸಿಕೊಂಡು ಕೇಳಿದರು. ಗಂಡ ಹೊಡೆಯುತ್ತಾನೆಯೇ? ತಿಂಗಳಿಗೆ ಎಷ್ಟು ಸಲ? ಕೈಯಲ್ಲೋ, ಕೋಲಿನಲ್ಲೋ? ಒಳಗೆ ಅಕ್ಕಿ ಆರಿಸುತ್ತ ಕುಳಿತಿದ್ದ ಅತ್ತೆಯ ಕಿವಿಗೆ ಎಲ್ಲವೂ ಬಿತ್ತು. ಆ ರಾತ್ರಿ ಏನು ನಡೆಯಿತೆಂದು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಎಂಟು ದಿನದ ಮೇಲೆ ವಾರದ ಸಭೆಗೆ ಬಂದಾಗ ಆಕೆಯ ಎಡಗೈ ಊದಿಕೊಂಡಿತ್ತು. ಆಕೆ ನನ್ನನ್ನು ಬೈಯಲಿಲ್ಲ. "ಅಕ್ಕಾ, ನನ್ನ ಉತ್ತರ ಬರ್ಕೊಂಡು ಹೋದ್ರು. ಎಲ್ಲಿ ಕೇಳ್ಬೇಕು, ಯಾವಾಗ ಕೇಳ್ಬೇಕು ಅಂತ ಮೊದ್ಲು ನನ್ನೇ ಒಂದು ಮಾತು ಕೇಳಿದ್ರೆ ಕೆರೆ ಹತ್ರ ಬಟ್ಟೆ ಒಗೆಯೋಕೆ ಹೋದಾಗ ಬನ್ನಿ ಅಂತಿದ್ದೆ" ಎಂದಳು.

ಆ ಅಧ್ಯಯನದ ವರದಿ ಎಲ್ಲಿ ಅಚ್ಚಾಯಿತೋ, ಅದರಲ್ಲಿ ಏನಿತ್ತೋ, ಆ ಸಂಘಕ್ಕೆ ಇಂದಿನವರೆಗೂ ಒಂದು ಹಾಳೆಯೂ ಬಂದಿಲ್ಲ.

ಆಕೆಯ ಮಾತು ನನ್ನನ್ನು ಬಿಟ್ಟಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಆ ಹೆಂಗಸಿಗೆ ತಿಳಿದಿದ್ದದ್ದು ಆ ಸಂಸ್ಥೆಯವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಸಂಶೋಧನೆ ಎಂದರೆ ಓದಿದವರು ಕೇಳುವುದು, ಓದದವರು ಉತ್ತರಿಸುವುದು ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ರೋಗ ಅನುಭವಿಸುವವಳು, ಪೆಟ್ಟು ತಿನ್ನುವವಳು, ಮಾತ್ರೆ ನುಂಗುವವಳು ನಾವು. ಆದರೆ ಯಾವ ರೋಗದ ಬಗ್ಗೆ ಹುಡುಕಬೇಕು, ಹೇಗೆ ಹುಡುಕಬೇಕು, ಸಿಕ್ಕಿದ್ದನ್ನು ಏನು ಮಾಡಬೇಕು ಎಂದು ತೀರ್ಮಾನಿಸುವಾಗ ನಮಗೆ ಜಾಗವಿಲ್ಲ. ಈ ಸಂಚಿಕೆಯಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಉತ್ತರ ನಮ್ಮ ಮೈಯಿಂದ ಬರಬೇಕಾದರೆ, ಪ್ರಶ್ನೆ ಮಾಡುವ ಜಾಗದಲ್ಲೂ ನಾವು ಕೂರಬೇಕು.

ಇದು ಹೊಸ ಜಗಳವೇನೂ ಅಲ್ಲ. ನಮ್ಮ ದೇಶದ ಮಹಿಳಾ ಚಳವಳಿ ಇದನ್ನು ನಲವತ್ತು ವರ್ಷದಿಂದ ಆಡುತ್ತ ಬಂದಿದೆ. 1985ರಲ್ಲಿ ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನ ಆರೋಗ್ಯ ಕೇಂದ್ರದಲ್ಲಿ ಬಡ ಹೆಂಗಸರಿಗೆ ಮಕ್ಕಳಾಗದಂತೆ ತಡೆಯುವ ನೆಟ್-ಎನ್ ಎಂಬ ಚುಚ್ಚುಮದ್ದು ಕೊಡಲು ಹೊರಟಿದ್ದರು. ಅದು ಇನ್ನೂ ಪ್ರಯೋಗದಲ್ಲಿರುವ ಮದ್ದು ಎಂದು ಆ ಹೆಂಗಸರಿಗೆ ಸರಿಯಾಗಿ ತಿಳಿಸಿರಲಿಲ್ಲ. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಗೆಳತಿಯರು ಅಲ್ಲಿಗೇ ಹೋಗಿ ಪ್ರಶ್ನೆ ಮಾಡಿದರು. ಮರುವರ್ಷ, 1986ರಲ್ಲಿ, ದೆಹಲಿಯ ಸಹೇಲಿ ಮೊದಲಾದ ಸಂಘಟನೆಗಳ ಜೊತೆ ಸೇರಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಹೆಣ್ಣಿನ ಮೈ ಪ್ರಯೋಗಶಾಲೆ ಅಲ್ಲ ಎಂದು ಈ ದೇಶದಲ್ಲಿ ಗಟ್ಟಿಯಾಗಿ ಕೇಳಿಸಿದ್ದು ಆಗ.

ಆಮೇಲಾದರೂ ಬುದ್ಧಿ ಬಂತೇ? 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾದಲ್ಲೂ ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿ ನೋಡುವ ಯೋಜನೆ ಶುರುವಾಯಿತು. ಖಮ್ಮಂ ಒಂದರಲ್ಲೇ ಸುಮಾರು 14 ಸಾವಿರ ಹುಡುಗಿಯರು. ಅವರಲ್ಲಿ ಹಲವರು ಹಾಸ್ಟೆಲಿನಲ್ಲಿದ್ದ ಆದಿವಾಸಿ ಮಕ್ಕಳು. 2010ರಲ್ಲಿ ಮಹಿಳಾ ಆರೋಗ್ಯ ಸಂಘಟನೆಯವರು ಭದ್ರಾಚಲಕ್ಕೆ ಹೋಗಿ ಮಕ್ಕಳನ್ನೂ ತಂದೆತಾಯಿಯರನ್ನೂ ಮಾತನಾಡಿಸಿದ ಮೇಲೆ ಒಂದೊಂದೇ ಸಂಗತಿ ಹೊರಬಿತ್ತು. ಯೋಜನೆ ನಿಂತಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾದ ವರದಿ ಕೊಟ್ಟಿತು. ಆಂಧ್ರದಲ್ಲಿ ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದವರು ತಂದೆತಾಯಿಯರಲ್ಲ, ಹಾಸ್ಟೆಲಿನ ವಾರ್ಡನ್‌ಗಳು! ಯೋಜನೆಯ ಕಾಲದಲ್ಲಿ ಏಳು ಹುಡುಗಿಯರು ತೀರಿಕೊಂಡಿದ್ದರು. ಆ ಸಾವುಗಳಿಗೆ ಲಸಿಕೆಯೇ ಕಾರಣ ಎಂದು ತನಿಖೆಯಲ್ಲಿ ಕಂಡುಬರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಲಸಿಕೆಯನ್ನು ದೂರುವುದು ನನ್ನ ಉದ್ದೇಶವಲ್ಲ; ಆ ಕ್ಯಾನ್ಸರಿಗೆ ನಮ್ಮ ಎಷ್ಟೋ ಅಕ್ಕತಂಗಿಯರು ಬಲಿಯಾಗುತ್ತಿದ್ದಾರೆ, ಅದನ್ನು ತಡೆಯುವ ಮದ್ದು ನಮಗೆ ಬೇಕು. ಆದರೆ ತಾಯಿಯನ್ನು ಒಂದು ಮಾತೂ ಕೇಳದೆ ಮಗಳ ತೋಳಿಗೆ ಸೂಜಿ ಚುಚ್ಚಿದರೆ, ಒಳ್ಳೆಯ ಮದ್ದಿನ ಮೇಲೂ ಜನಕ್ಕೆ ನಂಬಿಕೆ ಹೋಗುತ್ತದೆ. ಆ ನಷ್ಟವೂ ನಮ್ಮದೇ.

ಇಷ್ಟು ಓದಿ, ಹಾಗಾದರೆ ಸಂಶೋಧನೆಯವರನ್ನು ಊರೊಳಗೇ ಬಿಡಬಾರದು ಎಂದು ನಿಮಗೆ ಅನ್ನಿಸಬಹುದು. ಆ ಘಟನೆಯಾದ ಮೇಲೆ ನನಗೂ ಕೆಲವು ದಿನ ಹಾಗೇ ಅನ್ನಿಸಿತ್ತು. ಆದರೆ ಬಾಗಿಲು ಹಾಕಿಕೊಂಡರೆ ನಮ್ಮ ನೋವು ಲೆಕ್ಕಕ್ಕೆ ಬರುವುದು ಹೇಗೆ?

ಮಹಾರಾಷ್ಟ್ರದ ಗಡಚಿರೋಲಿಯ ಕಥೆ ಕೇಳಿ. ರಾಣಿ ಬಂಗ್ ಮತ್ತು ಅಭಯ್ ಬಂಗ್ ಎಂಬ ವೈದ್ಯ ದಂಪತಿ 1986ರಿಂದ ಅಲ್ಲಿ ಕೆಲಸ ಮಾಡುತ್ತಿದ್ದಾರೆ. ಆ ಕಾಲದಲ್ಲಿ ಹಳ್ಳಿ ಹೆಂಗಸಿನ ಆರೋಗ್ಯ ಎಂದರೆ ಸರಕಾರಕ್ಕೆ ಎರಡೇ ಅರ್ಥ: ಒಂದು ಹೆರಿಗೆ, ಇನ್ನೊಂದು ಆಪರೇಷನ್. ಈ ದಂಪತಿ ಎರಡು ಹಳ್ಳಿಗಳ 650 ಹೆಂಗಸರನ್ನು, ಕಾಯಿಲೆ ಇದೆ ಎಂದವರನ್ನೂ ಇಲ್ಲ ಎಂದವರನ್ನೂ, ಪರೀಕ್ಷೆ ಮಾಡಿ 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ 92 ಜನರಿಗೆ ಗರ್ಭಕೋಶಕ್ಕೋ ಜನನಾಂಗಕ್ಕೋ ಸಂಬಂಧಿಸಿದ ಒಂದಲ್ಲ ಒಂದು ಕಾಯಿಲೆ ಇತ್ತು. ಅದಕ್ಕೆ ಮೊದಲು ಒಮ್ಮೆಯಾದರೂ ಇಂಥ ಪರೀಕ್ಷೆ ಆಗಿದ್ದವರು ನೂರಕ್ಕೆ 8 ಜನ ಮಾತ್ರ! ಬಿಳಿಸೆರಗು, ಸೊಂಟನೋವು, ಮುಟ್ಟಿನ ತೊಂದರೆ ಎಲ್ಲವನ್ನೂ "ಹೆಣ್ಣಾಗಿ ಹುಟ್ಟಿದ ಮೇಲೆ ಇದ್ದದ್ದೇ" ಎಂದು ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಹೆಂಗಸರ ನೋವಿಗೆ ಆಗ ಪ್ರಪಂಚದ ವೈದ್ಯಕೀಯ ಪತ್ರಿಕೆಯಲ್ಲಿ ಜಾಗ ಸಿಕ್ಕಿತು.

ಅದೇ ಗಡಚಿರೋಲಿಯಲ್ಲಿ ಮುಂದೆ ಎಳೆಗೂಸುಗಳ ಸಾವಿನ ಬಗ್ಗೆ ಕೆಲಸ ನಡೆಯಿತು. ಅದನ್ನು ನಡೆಸಿದವರು ದೊಡ್ಡ ಡಾಕ್ಟರುಗಳಲ್ಲ, ಅಲ್ಪಸ್ವಲ್ಪ ಓದಿದ ಆಯಾ ಊರಿನ ಹೆಂಗಸರು. ಅವರು ಬಾಣಂತಿಯ ಮನೆಗೆ ಹೋಗಿ ಕೂಸನ್ನು ತೂಗಿದರು, ಉಸಿರು ಎಣಿಸಿದರು, ಬೆಚ್ಚಗೆ ಸುತ್ತುವುದನ್ನು ಕಲಿಸಿದರು, ನಂಜು ಏರಿದ ಕೂಸಿಗೆ ಔಷಧಿ ಕೊಟ್ಟರು. ಮೂರು ವರ್ಷದಲ್ಲಿ, ಈ ಕೆಲಸ ನಡೆಯದ ಹಳ್ಳಿಗಳಿಗೆ ಹೋಲಿಸಿದರೆ, ಎಳೆಗೂಸುಗಳ ಸಾವು ನೂರಕ್ಕೆ 62ರಷ್ಟು ಇಳಿಯಿತು. 1999ರಲ್ಲಿ ಈ ಫಲಿತಾಂಶ ಹೊರಬಂತು. ಇಂದು ನಮ್ಮೂರಿನ ಆಶಾ ಕಾರ್ಯಕರ್ತೆ ತಕ್ಕಡಿ ಹಿಡಿದು ಬಾಣಂತಿ ಮನೆಗೆ ಮತ್ತೆಮತ್ತೆ ಬರುತ್ತಾಳಲ್ಲ, ಆ ಪದ್ಧತಿಯ ಬೇರು ಆ ಹಳ್ಳಿ ಹೆಂಗಸರ ಕೈಯಲ್ಲಿದೆ.

ನಮ್ಮಂಥ ಸಂಘಗಳಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಜಾರ್ಖಂಡ್ ಮತ್ತು ಒಡಿಶಾದ ಮೂರು ಆದಿವಾಸಿ ಜಿಲ್ಲೆಗಳಲ್ಲಿ ಏಕ್‌ಜುಟ್ ಎಂಬ ಸಂಸ್ಥೆ 2005ರಿಂದ 2008ರವರೆಗೆ ಒಂದು ದೊಡ್ಡ ಪ್ರಯೋಗ ಮಾಡಿತು. ಏಕ್‌ಜುಟ್ ಎಂದರೆ ಒಗ್ಗಟ್ಟು. ಅಲ್ಲಿ ಪ್ರಯೋಗಕ್ಕೆ ಇಟ್ಟದ್ದು ಮಾತ್ರೆಯನ್ನಲ್ಲ, ಹೆಂಗಸರ ಸಭೆಯನ್ನು! ಊರಿನವಳೇ ಒಬ್ಬಳು ತಿಂಗಳಿಗೊಮ್ಮೆ ಹೆಂಗಸರನ್ನು ಕೂಡಿಸುತ್ತಿದ್ದಳು. ಚಿತ್ರದ ಕಾರ್ಡುಗಳನ್ನು ಮುಂದಿಟ್ಟುಕೊಂಡು, ಕಥೆ ಹೇಳಿಕೊಂಡು, ನಮ್ಮ ಊರಿನಲ್ಲಿ ಬಾಣಂತಿ ಯಾಕೆ ಸಾಯುತ್ತಾಳೆ, ಕೂಸು ಯಾಕೆ ಉಳಿಯುವುದಿಲ್ಲ ಎಂದು ಅವರೇ ಚರ್ಚೆ ಮಾಡಿದರು. ಯಾವ ತೊಂದರೆಯನ್ನು ಮೊದಲು ಹಿಡಿಯಬೇಕೆಂದು ಅವರೇ ಆರಿಸಿದರು. ಅದಕ್ಕೆ ಉಪಾಯವನ್ನೂ ಅವರೇ ಹುಡುಕಿ, ಊರಿನ ಗಂಡಸರನ್ನೂ ಕೂಡಿಸಿ ಒಪ್ಪಿಸಿದರು. ಕೊನೆಗೆ ಏನಾಯಿತೆಂದು ತಾವೇ ತೂಗಿ ನೋಡಿದರು. ಇಂಥ 244 ಗುಂಪುಗಳು. ಸಭೆ ನಡೆಯದ ಕಡೆಗೆ ಹೋಲಿಸಿದರೆ, ಸಭೆ ನಡೆದ ಕಡೆ ಎಳೆಗೂಸುಗಳ ಸಾವು ಮೂರು ವರ್ಷದಲ್ಲಿ ನೂರಕ್ಕೆ 32ರಷ್ಟು ಕಡಿಮೆಯಾಗಿತ್ತು. ಕೊನೆಯ ಎರಡು ವರ್ಷ ಮಾತ್ರ ಲೆಕ್ಕ ಹಿಡಿದರೆ 45ರಷ್ಟು. ಮೂರನೆಯ ವರ್ಷದಲ್ಲಿ ತಾಯಂದಿರ ಮನಸ್ಸಿನ ಖಿನ್ನತೆಯೂ ಇಳಿದಿತ್ತು. ಗೆಳತಿಯರೇ, ಹೆಂಗಸರು ಒಂದು ಕಡೆ ಕೂತರೆ ಹರಟೆ ಹೊಡೆಯುತ್ತಾರೆ ಎನ್ನುವವರ ಮುಂದೆ ಈ ಅಂಕಿಗಳನ್ನು ಇಡಿ.

ಈಗ ನಮ್ಮ ಮನೆಯೊಳಗಿನ ವಿಷಯಕ್ಕೆ ಬರೋಣ. ಬೆಂಗಳೂರಿನ ಎರಡು ಬಡ ಬಡಾವಣೆಗಳಲ್ಲಿ 25 ವರ್ಷದೊಳಗಿನ 744 ಮದುವೆಯಾದ ಹುಡುಗಿಯರನ್ನು ಮಾತನಾಡಿಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಂಡನ ಹೊಡೆತ ತಿಂದಿದ್ದರು. ಮದುವೆಯಾದ ಮೇಲೂ ಹೆಚ್ಚಿನ ವರದಕ್ಷಿಣೆ ಕೇಳಿದ ಮನೆಗಳಲ್ಲಿ ಹೊಡೆತ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಇದು ನಮಗೆ ಗೊತ್ತಿದ್ದದ್ದೇ. ಆದರೆ ಅದರಲ್ಲಿ ಇನ್ನೊಂದು ಮಾತಿದೆ, ನನ್ನನ್ನು ತಡೆದು ನಿಲ್ಲಿಸಿದ ಮಾತು. ಸಂಘ ಸಂಸ್ಥೆಗಳಿಗೆ ಹೋಗುತ್ತಿದ್ದ, ಕಸುಬಿನ ತರಬೇತಿ ಪಡೆದಿದ್ದ ಹುಡುಗಿಯರಲ್ಲೂ ಹೊಡೆತ ತಿಂದವರು ಹೆಚ್ಚು!

ಸಂಘ ಸೇರಿದರೆ ಹೆಣ್ಣಿಗೆ ಬಲ ಬರುತ್ತದೆ ಎಂದು ಹಾಡಿಕೊಂಡು ಬಂದವರು ನಾವು. ಈ ಅಂಕಿ ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ಸಂಘವೇ ಬೇಡ ಎನ್ನುವ ಗಂಡಸರಿಗೂ ಇದು ಸುಲಭದ ಆಯುಧ. ಎರಡೂ ಸರಿಯಲ್ಲ. ಮನೆಯಲ್ಲಿ ಕಷ್ಟ ಇರುವವಳೇ ಮೊದಲು ಸಂಘದ ಕಡೆ ಬರುತ್ತಾಳೆಯೇ, ಅಥವಾ ಅವಳು ಹೊರಗೆ ಹೆಜ್ಜೆ ಇಟ್ಟದ್ದನ್ನು ಸಹಿಸದೆ ಗಂಡ ಕೈ ಎತ್ತುತ್ತಾನೆಯೇ? ಯಾವುದು ಮುಂಚೆ, ಯಾವುದು ಆಮೇಲೆ ಎಂದು ಆ ಅಂಕಿ ಒಂದರಿಂದ ತಿಳಿಯುವುದಿಲ್ಲ. ನಮ್ಮನ್ನು ಕೂರಿಸಿಕೊಂಡು ಪ್ರಶ್ನೆಗಳನ್ನು ಬರೆದಿದ್ದರೆ ನಾವು ಇನ್ನೊಂದಿಷ್ಟನ್ನು ಸೇರಿಸುತ್ತಿದ್ದೆವು. ಸಾಲದ ಹಣ ಕೈಗೆ ಬಂದ ದಿನ ಅದನ್ನು ಯಾರು ಕಿತ್ತುಕೊಳ್ಳುತ್ತಾರೆ? ಕಂತು ಕಟ್ಟುವ ಹಿಂದಿನ ರಾತ್ರಿ ಮನೆಯಲ್ಲಿ ಏನಾಗುತ್ತದೆ? ಸಭೆ ತಡವಾದ ದಿನ ಬಾಗಿಲು ತೆಗೆಯುತ್ತಾರೆಯೇ? ಪೆಟ್ಟು ತಿಂದು ಬಂದವಳನ್ನು ಸಂಘ ವಿಚಾರಿಸುತ್ತದೆಯೇ, ಇಲ್ಲ ಕಂತನ್ನು ಮಾತ್ರ ಕೇಳುತ್ತದೆಯೇ? ಈ ಕೊನೆಯ ಪ್ರಶ್ನೆಗೆ ನಾವೂ ಉತ್ತರ ಕೊಡಬೇಕು.

ಇನ್ನೊಂದು ಅಂಕಿ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು 2015-16ರಲ್ಲಿ ನೂರಕ್ಕೆ ಸುಮಾರು 21. 2019ರಲ್ಲಿ ಮನೆಮನೆಗೆ ಹೋಗಿ ಕೇಳಿದಾಗ ಅದೇ ಸಂಖ್ಯೆ 44ಕ್ಕೆ ಏರಿತ್ತು. ನಾಲ್ಕೇ ವರ್ಷದಲ್ಲಿ ಗಂಡಂದಿರು ಎರಡು ಪಟ್ಟು ಕ್ರೂರಿಗಳಾದರೇ? ಅಥವಾ ನಾವು ಮೊದಲಿಗಿಂತ ಬಾಯಿ ಬಿಟ್ಟು ಹೇಳಿದೆವೇ? ಕೇಳಿದ ರೀತಿಯಲ್ಲಿ ವ್ಯತ್ಯಾಸವಿತ್ತೇ? ಆ ಸಂಖ್ಯೆಯ ಒಳಗಿನ ಸತ್ಯವನ್ನು ಬಿಡಿಸಬಲ್ಲವರು ಉತ್ತರ ಕೊಟ್ಟ ಹೆಂಗಸರೇ.

ನಮ್ಮವರು ಇದನ್ನು ಹಿಂದೆ ಮಾಡಿದ್ದಾರೆ ಕೂಡ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಹೆಣ್ಣುಮಕ್ಕಳ ಪಕ್ಕ ಕೂತು ಅವರ ಮಾತು ಕೇಳಿದರು, ದಾಖಲೆಗಳನ್ನು ತಿರುವಿ ಹಾಕಿದರು. ಕಾಗದದಲ್ಲಿ ಮತ್ತೆಮತ್ತೆ ಬರೆದಿದ್ದದ್ದು ಸ್ಟೌ ಸಿಡಿತ, ಅಡುಗೆ ಮನೆಯ ಅಪಘಾತ. ಸ್ಟೌ ಸಿಡಿದರೆ ಯಾವಾಗಲೂ ಚಿಕ್ಕ ವಯಸ್ಸಿನ ಸೊಸೆಯೇ ಯಾಕೆ ಸುಡುತ್ತಾಳೆ? ಇದು ಯಾವ ವಿಶ್ವವಿದ್ಯಾಲಯವೂ ಹೇಳಿಕೊಡದೆ ಹೆಂಗಸರು ಹಾಕಿದ ಪ್ರಶ್ನೆ. ಅಪಘಾತ ಎಂಬ ಪಟ್ಟಿಯಲ್ಲಿ ಹೂತುಹೋಗಿದ್ದ ಸಾವುಗಳ ಮೇಲಿನ ಮಣ್ಣನ್ನು ಈ ಪ್ರಶ್ನೆ ತೆಗೆಯಿತು.

ಬೇರೆ ದೇಶಗಳಲ್ಲೂ ಈ ತಿಳಿವಳಿಕೆ ಬಂದಿದೆ. ಇಂಗ್ಲೆಂಡಿನಲ್ಲಿ ರೋಗಿಗಳನ್ನೂ ಜನಸಾಮಾನ್ಯರನ್ನೂ ಸಂಶೋಧನೆಯಲ್ಲಿ ಪಾಲುದಾರರನ್ನಾಗಿ ಮಾಡಲು 1996ರಲ್ಲೇ ಸರಕಾರದ ಕಡೆಯಿಂದ ಒಂದು ಸಲಹಾ ಮಂಡಳಿ ಆಯಿತು. ಹೆಂಗಸರ ಮೇಲಿನ ಹಿಂಸೆಯ ಬಗ್ಗೆ ಅಧ್ಯಯನ ಮಾಡುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ನಿಯಮಗಳನ್ನು ಹೊರಡಿಸಿತು. ಉತ್ತರಿಸುವವಳ ಸುರಕ್ಷತೆಯೇ ಮೊದಲು. ಗುಟ್ಟಾಗಿ, ಒಬ್ಬಳನ್ನೇ ಕೂರಿಸಿ ಕೇಳಬೇಕು. ಹಿಂಸೆಯ ಅಧ್ಯಯನ ಎಂದು ಮನೆಯವರ ಮುಂದೆ ಡಂಗುರ ಹೊಡೆಯಬಾರದು. ನೆರವು ಬೇಕಾದವಳಿಗೆ ಎಲ್ಲಿ ಸಿಗುತ್ತದೆಂದು ತಿಳಿಸಬೇಕು. ಓದಿದಾಗ ನನಗೆ ಆ ಸದಸ್ಯೆಯ ಕೆರೆಯ ಮಾತು ನೆನಪಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದನ್ನೇ ಅವಳೂ ಹೇಳಿದ್ದಳು.

ನಮ್ಮ ದೇಶದಲ್ಲೂ ಕಾನೂನು ಇಲ್ಲದೆ ಇಲ್ಲ. ಹೊಸ ಔಷಧಿಗಳ ಪ್ರಯೋಗಕ್ಕೆ 2019ರ ನಿಯಮಗಳಿವೆ. ಪ್ರಯೋಗ ಶುರುವಾಗುವ ಮೊದಲು ಒಂದು ನೀತಿ ಸಮಿತಿ ಒಪ್ಪಬೇಕು. ಆ ಸಮಿತಿಯಲ್ಲಿ ಒಬ್ಬ ಹೆಣ್ಣು ಇರಲೇಬೇಕು, ವೈದ್ಯರೂ ವಕೀಲರೂ ಅಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಲೇಬೇಕು. ಆ ಸಾಮಾನ್ಯ ವ್ಯಕ್ತಿ ನಮ್ಮ ಸಂಘದವಳು ಯಾಕಾಗಬಾರದು? ಒಪ್ಪಿಗೆ ಪತ್ರವನ್ನು ನಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಅದರ ಪ್ರತಿ ಕೊಡಬೇಕು. ಓದಲು ಬಾರದಿದ್ದರೆ ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಎದುರಿಗಿರಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. ಒಲ್ಲೆ ಎನ್ನುವ ಹಕ್ಕು ನಮಗಿದೆ, ಮಧ್ಯದಲ್ಲಿ ಬಿಟ್ಟು ಬರುವ ಹಕ್ಕೂ ಇದೆ. ಹಾಗೆ ಮಾಡಿದರೆ ಸಿಗಬೇಕಾದ ಚಿಕಿತ್ಸೆಗೆ ಅಡ್ಡಿ ಮಾಡುವಂತಿಲ್ಲ. ಮುಖ್ಯವಾಗಿ, ನಿಮ್ಮ ಒಪ್ಪಿಗೆ ನಿಮ್ಮದು. ಗಂಡನೋ ಮಾವನೋ ನಿಮ್ಮ ಪರವಾಗಿ ತಲೆಯಾಡಿಸಿದರೆ ಅದು ಒಪ್ಪಿಗೆಯಲ್ಲ.

ಆದರೆ ನಿಯಮ ಪುಸ್ತಕದಲ್ಲಿದ್ದರೆ ಸಾಲದು ಎಂದು ವರದಕ್ಷಿಣೆ ನಿಷೇಧ ಕಾಯ್ದೆಯನ್ನು 1961ರಿಂದ ನೋಡುತ್ತಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ನನ್ನದೊಂದು ಕೋರಿಕೆ. ನಿಮ್ಮ ಮುಂದಿನ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಕೂತು ಇದನ್ನು ಚರ್ಚಿಸಿ, ಒಂದು ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಯಾರೇ ಸಮೀಕ್ಷೆಗೋ, ರಕ್ತ ತೆಗೆಯಲೋ, ಹೊಸ ಮದ್ದು ಕೊಡಲೋ ಬಂದರೆ ಮೊದಲು ಸಂಘದ ಮುಂದೆ ಕೂತು ಮಾತನಾಡಲಿ. ಈ ಪ್ರಶ್ನೆಯನ್ನು ಯಾರು ಆರಿಸಿದರು, ಹಣ ಯಾರದು, ಯಾವ ನೀತಿ ಸಮಿತಿ ಒಪ್ಪಿದೆ ಎಂದು ಕೇಳಿ. ಪ್ರಶ್ನೆಗಳನ್ನು ನಮಗೆ ಮೊದಲೇ ಓದಿ ಹೇಳಿ, ಎಲ್ಲಿ, ಯಾವ ಹೊತ್ತಿನಲ್ಲಿ ಕೇಳಬೇಕೆಂದು ನಾವು ಹೇಳುತ್ತೇವೆ ಎನ್ನಿ. ಮಾತನಾಡಿದ್ದಕ್ಕೆ ಯಾರಿಗಾದರೂ ತೊಂದರೆಯಾದರೆ ಏನು ಮಾಡುತ್ತೀರಿ, 181 ಸಹಾಯವಾಣಿ, ಸಾಂತ್ವನ ಕೇಂದ್ರ, ರಕ್ಷಣಾಧಿಕಾರಿ ಇವರ ಜೊತೆ ಸಂಪರ್ಕವಿದೆಯೇ ಎಂದು ಕೇಳಿ. ಕೆಲಸ ಮುಗಿದ ಮೇಲೆ ಇದೇ ಜಗುಲಿಗೆ ಬಂದು ಸಿಕ್ಕಿದ್ದನ್ನು ಕನ್ನಡದಲ್ಲಿ ಹೇಳುತ್ತೇವೆಂದು ಬರೆದುಕೊಡಲಿ. ಮತ್ತೆ ನನ್ನಂಥವಳು ಬಂದು "ನಮ್ಮವರೇ, ಸಹಿ ಹಾಕಿ" ಎಂದರೆ, ಅವಳ ಮುಖ ನೋಡಬೇಡಿ, ಕಾಗದ ನೋಡಿ.

ಆ ಸದಸ್ಯೆಯ ಕೈ ವಾಸಿಯಾಗಿದೆ. ಈಗ ಆ ಸಂಘಕ್ಕೆ ಯಾರೇ ಫಾರಂ ಹಿಡಿದು ಬಂದರೂ ಮೊದಲು ಎದುರಿಗೆ ಕೂರುವವಳು ಅವಳೇ. ಹೋದ ತಿಂಗಳು ಹೋಗಿದ್ದಾಗ ನಾನು ಮತ್ತೊಮ್ಮೆ ಕ್ಷಮೆ ಕೇಳಿದೆ. "ಅದು ಇರ್ಲಿ ಅಕ್ಕಾ, ನನ್ನ ಹತ್ರಾನೂ ಒಂದು ಪ್ರಶ್ನೆ ಇದೆ, ಯಾರಾದ್ರೂ ಹುಡುಕ್ತಾರಾ ಕೇಳಿ. ಪೆಟ್ಟು ನಿಂತು ಎರಡು ವರ್ಷ ಆದ್ರೂ ಬಾಗಿಲು ಸದ್ದಾದ್ರೆ ಎದೆ ಯಾಕೆ ಹೊಡ್ಕೊಳ್ಳುತ್ತೆ? ಇದಕ್ಕೆ ಮದ್ದಿದೆಯಾ?" ಎಂದಳು.

ಇಂಥ ಪ್ರಶ್ನೆ ನಿಮ್ಮಲ್ಲೂ ಇರುತ್ತದೆ. ಬರೆದು ಕಳುಹಿಸಿ. ಬರೆಯಲು ಬಾರದವರು ಮಗಳ ಕೈಲಿ ಬರೆಸಿ. ಹೆಸರು ಬೇಡವೆಂದರೆ ಹಾಕುವುದಿಲ್ಲ. ಅವನ್ನೆಲ್ಲ ಒಟ್ಟುಗೂಡಿಸಿ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ, ಸಂಶೋಧನೆ ಮಾಡುವವರ ಮೇಜಿನ ಮೇಲೂ ಇಡುತ್ತೇವೆ.

ನಿಮ್ಮ ಪತ್ರಗಳ ನಿರೀಕ್ಷೆಯಲ್ಲಿ,

ಸಂಪಾದಕಿ